ಹದಿನೇಳನೇ ಪೆಟ್ಟಿಗೆ

ನನ್ನ ಗಂಡ ಭಾನುಪ್ರಕಾಶ್ ಕೆಲಸವಿಲ್ಲದೆ ಬಸ್ಸು ಹತ್ತುವ ಮನುಷ್ಯನಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಒಂದೇ ಒಂದು ಸಲ ‘ಸುಮ್ಮನೆ ಎಲ್ಲಾದರೂ ಹೋಗಿ ಬರೋಣ ಬಾ’ ಎಂದದ್ದು ನನಗೆ ನೆನಪಿಲ್ಲ. ತಿರುಪತಿಗೆ ಹೋದದ್ದೂ ಅಲ್ಲೊಂದು ಆಫೀಸಿಗೆ ಕೇಬಲ್ ಎಳೆಸುವುದಿತ್ತು ಎಂಬ ಕಾರಣಕ್ಕೆ. ದೇವರ ದರ್ಶನ ಆಮೇಲೆ, ಅದೂ ನಾನು ಕೈಹಿಡಿದು ಎಳೆದುಕೊಂಡು ಹೋದದ್ದರಿಂದ.

ಇದು ಅವರ ಮನೆಯ ಚಾಳಿ. ಮಾವನವರು ವಿಜಯವಾಡದ ಬ್ಯಾರೇಜಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದವರು. ಕೃಷ್ಣೆಯಲ್ಲಿ ಯಾವ ಹೊತ್ತಿಗೆ ನೀರು ಏರುತ್ತದೋ ಎಂದು ಮೂವತ್ತು ವರ್ಷ ಬ್ಯಾರೇಜಿಗೆ ಹತ್ತಿರದ ಭವಾನಿಪುರಂನ ಮನೆ ಬಿಟ್ಟು ಕದಲಲಿಲ್ಲವಂತೆ. ಆ ಮನೆಯಲ್ಲಿ ಯಾರಾದರೂ ಚಪ್ಪಲಿ ಮೆಟ್ಟಿದರೆ ಮೊದಲು ಬರುವ ಪ್ರಶ್ನೆ ‘ಏಂ ಪನಿ?’ ಏನು ಕೆಲಸ? ನನ್ನ ಅತ್ತೆ ಕನಕದುರ್ಗಮ್ಮ ಎಪ್ಪತ್ತೆಂಟರ ಈ ವಯಸ್ಸಿನಲ್ಲೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಅದನ್ನೇ ಕೇಳುತ್ತಾರೆ. ಉತ್ತರ ಕೊಡದೆ ಹೊಸ್ತಿಲು ದಾಟುವಂತಿಲ್ಲ. ‘ಹೆಂಡತಿಯನ್ನು ನೋಡಿ ಬರುತ್ತೇನೆ’ ಎನ್ನುವುದು ಅಲ್ಲಿ ಉತ್ತರವೇ ಅಲ್ಲ. ಐವತ್ತೈದರ ಗಂಡಸು ಹೆತ್ತ ತಾಯಿಯ ಎದುರು ಅಂಥ ಮಾತಾಡುವುದಕ್ಕಿಂತ ಕೃಷ್ಣೆಗೆ ಹಾರುವುದೇ ಮೇಲು ಎಂದು ನನ್ನ ಗಂಡ ತಿಳಿದಿದ್ದರು.

ನಾನು ಗಿರಿಜಾ, ದಾವಣಗೆರೆಯವಳು. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ವಿಜಯವಾಡಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ನಮ್ಮ ಶಾಖೆಗೆ ಮೋಡೆಮ್ ಕೂರಿಸಲು ಬಂದವರು ಇವರು. ಮೂರು ದಿನದ ಕೆಲಸವನ್ನು ಹನ್ನೊಂದು ದಿನ ಮಾಡಿದರು. ಈ ಮನುಷ್ಯನ ಸ್ವಭಾವ ನನಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ, ನಾನೊಬ್ಬಳು ಪೆದ್ದಿ. ಕೆಲಸ ಬಾರದವನು ಎಂದುಕೊಂಡೆ, ಪಾಪ ಎಂದು ದಿನಾ ಕಾಫಿ ತರಿಸಿಕೊಟ್ಟೆ.

ಈಗ ಅವರು ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳ ಒಂದು ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಾರೆ. ಮುಖ್ಯ ಕಚೇರಿ ವಿಜಯವಾಡದಲ್ಲಿ. ಅಲ್ಲಿಂದ ವಿಶಾಖಪಟ್ಟಣದವರೆಗೆ ಮೂವತ್ತೆಂಟು ಶಾಖೆ. ಪ್ರತಿ ಶಾಖೆಯಲ್ಲೂ ಗೋಡೆಗೆ ಕೂರಿಸಿದ, ಹಸಿರು ದೀಪ ಮಿಣುಕುವ ಒಂದು ಪೆಟ್ಟಿಗೆ ಇರುತ್ತದೆ. ರೂಟರ್ ಎನ್ನುತ್ತಾರೆ. ಆ ಶಾಖೆಯ ಕಂಪ್ಯೂಟರುಗಳು ಹೊರಗಿನವರೊಡನೆ ಆಡುವ ಮಾತೆಲ್ಲ ಅದರ ಮೂಲಕವೇ. ಪ್ರತಿ ಪೆಟ್ಟಿಗೆಗೂ ಇವರು ಒಂದು ನಂಬರು ಕೊಟ್ಟಿದ್ದಾರೆ. ಹೆತ್ತ ಮಗಳು ಅಕ್ಷಯಾಳ ಹುಟ್ಟಿದ ನಕ್ಷತ್ರ ಕೇಳಿದರೆ ತಡವರಿಸುತ್ತಾರೆ. ಇಪ್ಪತ್ತಮೂರನೇ ಪೆಟ್ಟಿಗೆಗೆ ಯಾವ ವರ್ಷ ಫ್ಯಾನ್ ಬದಲಾಯಿಸಿದರು ಎಂದು ಕೇಳಿ, ಥಟ್ಟನೆ ಹೇಳುತ್ತಾರೆ.

ಮೂರು ವರ್ಷದ ಹಿಂದೆ ನನಗೆ ಬಡ್ತಿಯ ಜೊತೆಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಶಾಖೆ ಇರುವುದು ಋಷಿಕೊಂಡದ ಕಡೆ; ಹತ್ತಿರದ ಎಂಡಾಡದಲ್ಲಿ ಒಂದು ಪುಟ್ಟ ಬಾಡಿಗೆ ಮನೆ ಹಿಡಿದೆ. ಅಕ್ಷಯಾ ಓದಲು ಹೈದರಾಬಾದಿಗೆ ಹೋಗಿದ್ದಳು, ಗಂಡ ಮತ್ತು ಅತ್ತೆ ಭವಾನಿಪುರಂನಲ್ಲೇ ಉಳಿದರು. ನಡುವೆ ಮುನ್ನೂರೈವತ್ತು ಕಿಲೋಮೀಟರು. ಹೊರಡುವ ದಿನ ಇವರು ‘ಆಗಾಗ ಬರ್ತಾ ಇರ್ತೀನಿ’ ಎನ್ನುತ್ತಾರೇನೋ ಎಂದು ಕಾದೆ. ‘ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ ಮಲಗು’ ಎಂದರು.

ಆದರೆ ನನ್ನ ಪುಣ್ಯಕ್ಕೆ, ಋಷಿಕೊಂಡದ ಲ್ಯಾಬಿನಲ್ಲಿದ್ದ ಹದಿನೇಳನೇ ಪೆಟ್ಟಿಗೆ ಮಹಾ ತಂಟೆಕೋರ. ತಿಂಗಳಿಗೆ ಎರಡು ಸಲವಾದರೂ ಅದಕ್ಕೆ ಏನಾದರೊಂದು ಆಗುತ್ತಿತ್ತು. ಆಗೆಲ್ಲ ಶನಿವಾರ ಬೆಳಿಗ್ಗೆ ರತ್ನಾಚಲ್ ರೈಲು ಹಿಡಿದು, ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ರಜೆಯ ದಿನ, ಕೈಯಿಂದಲೇ ಟಿಕೆಟ್ಟು.

“ಮತ್ತೆ ಕೆಟ್ಟಿತೇನ್ರಿ?”

“ಕೆಟ್ಟಿದೆ. ಏನ್ ಮಾಡೋದು, ಪನಿ ಪನೀನೇ ಕದಾ.”

ಇವರ ಕನ್ನಡ ನಾನು ಕಲಿಸಿದ್ದು. ತೆಲುಗು ಅದರೊಳಗೆ ತಾನಾಗಿ ಬಂದು ಸೇರಿಕೊಳ್ಳುತ್ತದೆ; ‘ಅಲ್ಲವಾ’ ಎನ್ನುವಲ್ಲೆಲ್ಲ ‘ಕದಾ’. ಊಟ ಮಾಡಿ ಲ್ಯಾಬಿಗೆ ಹೋಗಿ ಅರ್ಧ ಗಂಟೆಯಲ್ಲಿ ವಾಪಸು ಬರುತ್ತಿದ್ದರು. ಸಂಜೆ ಇಬ್ಬರೂ ಬೀಚಿಗೆ ಹೋಗುತ್ತಿದ್ದೆವು. ಅಲ್ಲಿ ಮುರಿ ಮಿಕ್ಸ್ಚರ್ ಎಂದು ಮಂಡಕ್ಕಿಗೆ ಈರುಳ್ಳಿ, ಕಡಲೆಬೀಜ, ನಿಂಬೆರಸ ಹಾಕಿ ಕೊಡುತ್ತಾರೆ. ನಮ್ಮ ದಾವಣಗೆರೆ ಮಂಡಕ್ಕಿಯ ಮುಂದೆ ಇದೇನೂ ಅಲ್ಲ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ, ಅವರು ಪ್ರತಿ ಸಲ ಎರಡು ಪೊಟ್ಟಣ ತರುತ್ತಿದ್ದರು. ಭಾನುವಾರ ಮಧ್ಯಾಹ್ನದ ರೈಲಿಗೆ ವಾಪಸ್ಸು. ಆ ಪೆಟ್ಟಿಗೆ ನೂರು ಕಾಲ ಹೀಗೇ ಕೆಡುತ್ತಿರಲಿ ಎಂದು ನಾನು ಸಿಂಹಾಚಲದ ದೇವರಿಗೆ ಹರಕೆ ಹೊತ್ತಿದ್ದೇನೆ. ಸುಳ್ಳೇಕೆ ಹೇಳಲಿ?

ಇಷ್ಟರಲ್ಲಿ ತುನಿಯ ಪ್ರಕರಣ ನಡೆಯಿತು. ಇವರು ವಿಜಯವಾಡದ ಕಚೇರಿಯಲ್ಲಿ ಕೂತು ತುನಿ ಶಾಖೆಯ ಪೆಟ್ಟಿಗೆಗೆ ಏನೋ ಹೊಸ ಆಜ್ಞೆ ಕೊಟ್ಟರು. ಒಂದು ಸಾಲು ತಪ್ಪಾಯಿತು. ಯಾವ ದಾರಿಯಿಂದ ಒಳಗೆ ಹೋಗಿದ್ದರೋ ಆ ದಾರಿಯನ್ನೇ ಮುಚ್ಚಿಬಿಟ್ಟರು, ಮನೆಯ ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಈ ಕೆಲಸದವರೆಲ್ಲ ಜೀವನದಲ್ಲಿ ಒಮ್ಮೆಯಾದರೂ ಮಾಡುವ ತಪ್ಪಂತೆ ಇದು. ಸರಿ, ಬಿದ್ದಂಬೀಳ ಬಸ್ಸಿನಲ್ಲಿ ತುನಿಗೆ ಓಡಿದರು. ಹೋಗಿ ಸರಿಮಾಡಲು ಹಿಡಿದದ್ದು ಎರಡೇ ನಿಮಿಷ. ಆದರೆ ಅಷ್ಟರಲ್ಲಿ ಸಕ್ಕರೆ ಪರೀಕ್ಷೆಗೆಂದು ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, ಹೆಸರು ನೋಂದಾಯಿಸಲು ಕಂಪ್ಯೂಟರಿಲ್ಲದೆ ಕಾದು ಕಾದು, ಬೆಂಚಿನ ಮೇಲೆಯೇ ತಲೆಸುತ್ತಿ ವಾಲಿದ್ದಳು. ಇವರೇ ಓಡಿಹೋಗಿ ಇಡ್ಲಿ ತಂದುಕೊಟ್ಟರಂತೆ. ಅವತ್ತು ಫೋನಿನಲ್ಲಿ ಎರಡೆರಡು ಸಲ ಅದನ್ನೇ ಹೇಳಿದರು. “ಆ ಅಜ್ಜಿ ನನ್ನ ಕೈಹಿಡಿದು ನೂರು ವರ್ಷ ಬಾಳು ಅಂದ್ರು ಗಿರಿಜಾ. ತಪ್ಪು ನಂದೇ ಅಂತ ಅವರಿಗೆ ಗೊತ್ತಿಲ್ಲ.”

ಆಮೇಲೆ ಆರು ತಿಂಗಳು ಕೂತು ಇವರು ತಮ್ಮ ಸ್ಕ್ರಿಪ್ಟುಗಳನ್ನು ಬರೆದರು. ಸ್ಕ್ರಿಪ್ಟು ಎಂದರೆ ಕಂಪ್ಯೂಟರಿಗೆ ಬರೆದಿಟ್ಟ ಕೆಲಸದ ಪಟ್ಟಿ. ಅದನ್ನು ಓಡಿಸಿದರೆ ಮೂವತ್ತೆಂಟು ಪೆಟ್ಟಿಗೆಗಳ ಬಳಿಗೂ ತಾನೇ ಹೋಗಿ, ಯೋಗಕ್ಷೇಮ ವಿಚಾರಿಸಿ, ಬೇಕಾದ ಬದಲಾವಣೆ ಮಾಡಿ ಬರುತ್ತದೆ. ತುನಿಯ ಪಾಠವನ್ನೂ ಅದರೊಳಗೆ ಸೇರಿಸಿದರು. ಏನಾದರೂ ಬದಲಾಯಿಸುವ ಮೊದಲು ಪೆಟ್ಟಿಗೆಗೆ ಹೇಳಿಟ್ಟಿರುತ್ತದೆ: ಹತ್ತು ನಿಮಿಷದೊಳಗೆ ನನ್ನಿಂದ ‘ಎಲ್ಲ ಸರಿ’ ಎಂಬ ಮಾತು ಬರದಿದ್ದರೆ ನನಗಾಗಿ ಕಾಯಬೇಡ, ನೀನೇ ಮೊದಲಿನಂತಾಗು. ಹಾಗಾಗಿ ಬಾಗಿಲು ಮುಚ್ಚಿಹೋದರೂ ಹತ್ತು ನಿಮಿಷಕ್ಕೆ ತಾನೇ ತೆರೆಯುತ್ತದೆ.

ಬರೆದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಓಪನ್ ಸೋರ್ಸ್ ಮಾಡಿದರು. ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಇಡುವುದು. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. “ನಾನೂ ಹಾಗೇ ಯಾರ್ಯಾರೋ ಇಟ್ಟದ್ದನ್ನ ನೋಡಿ ಕಲ್ತಿದ್ದು ಕದಾ” ಎಂದರು. ಅವರ ಸಂಸ್ಥೆಯ ಯಜಮಾನರು ದುರ್ಗಾಪ್ರಸಾದ್ ಒಳ್ಳೆಯ ಮನುಷ್ಯ, ಒಪ್ಪಿದರು. ನಮ್ಮ ಶಾಖೆಗಳ ಹೆಸರು, ವಿಳಾಸ, ಪಾಸ್‌ವರ್ಡು ಒಂದೂ ಅದರಲ್ಲಿ ಕಾಣಬಾರದು ಎಂದು ಮಾತ್ರ ಷರತ್ತು ಹಾಕಿದರು. ಇವರು ನಾಲ್ಕು ದಿನ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಎಲ್ಲವನ್ನೂ ಆರಿಸಿ ತೆಗೆದರು.

ಆ ಸಂತೋಷದ ಸುದ್ದಿಯನ್ನು ಹೇಳಿದ್ದು ನನ್ನ ಮನೆಯ ಬಾಲ್ಕನಿಯಲ್ಲಿ ಕೂತು, ನಾನು ಮಾಡಿಕೊಟ್ಟ ಮಿರ್ಚಿ ಬಜ್ಜಿ ತಿನ್ನುತ್ತಾ.

“ಇನ್ಮೇಲೆ ಯಾವ ಊರಿಗೂ ಓಡೋ ಪನಿ ಇಲ್ಲ, ಗಿರಿಜಾ. ಎಲ್ಲಾ ಕುರ್ಚೀಲಿ ಕೂತೇ ಮಾಡಬಹುದು.”

ನಾನು ಬಜ್ಜಿಯ ತಟ್ಟೆಯನ್ನು ಅವರ ಮುಂದಿನಿಂದ ಎತ್ತಿಕೊಂಡೆ. “ಹೌದೇನ್ರಿ? ಭಾಳ ಚಲೋ ಆತು. ಕುರ್ಚೀಲೇ ಕೂಡ್ರಿ. ಬಜ್ಜೀನೂ ಅಲ್ಲಿಂದಲೇ ತಿನ್ನಾಕ ಬರ್ತೈತೇನು, ಅದಕ್ಕೂ ಒಂದು ಸ್ಕ್ರಿಪ್ಟ್ ಬರೀರಿ.”

“ಅಯ್ಯೋ ರಾಮಾ, ಏನಾಯ್ತೀಗ?”

“ಏನೂ ಆಗಿಲ್ಲ.”

ಒಳಗೆ ಹೋಗಿ ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಹೆಂಡತಿಯ ಮುಖ ನೋಡಲು ಬರುವ ಒಂದೇ ಒಂದು ನೆಪವನ್ನು ಆರು ತಿಂಗಳು ಕಷ್ಟಪಟ್ಟು ಕೂತು ಅಳಿಸಿಹಾಕಿ, ಅದನ್ನು ಹೆಮ್ಮೆಯಿಂದ ನನಗೇ ಹೇಳುತ್ತಿದ್ದಾರಲ್ಲ! ನೆಪವಿಲ್ಲದೆ ಈ ಮನುಷ್ಯ ಬರುವವರಲ್ಲ, ಬಾಯಿಬಿಟ್ಟು ಕರೆಯುವವಳು ನಾನಲ್ಲ. ನನಗೆ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು.

ಆದರೆ ವಿಚಿತ್ರ ನೋಡಿ, ಮುಂದೆಯೂ ಇವರು ಬರುತ್ತಲೇ ಇದ್ದರು. ಉಳಿದ ಮೂವತ್ತೇಳು ಪೆಟ್ಟಿಗೆಗಳು ಸ್ಕ್ರಿಪ್ಟಿನ ಮಾತು ಕೇಳುತ್ತವಂತೆ, ಹದಿನೇಳು ಮಾತ್ರ ಕೇಳುವುದಿಲ್ಲವಂತೆ. “ಅದು ಹಳೇ ಮಾಡೆಲ್ಲು. ದೂರದಿಂದ ಮುಟ್ಟಿದ್ರೆ ಅಪಾಯ” ಎಂದು ಗಂಭೀರವಾಗಿ ಹೇಳಿದರು. ನಾನೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ಅವತ್ತೇ ಹೋಗಿ ಸಿಂಹಾಚಲದಲ್ಲಿ ತೆಂಗಿನಕಾಯಿ ಒಡೆದೆ. ಒಂದು ವರ್ಷ ಹೀಗೆ ಸುಖವಾಗಿ ಕಳೆಯಿತು.

ಈ ವರ್ಷದ ಫೆಬ್ರವರಿಯಲ್ಲಿ ಒಂದು ದಿನ ಸಂಜೆ ಅಕ್ಷಯಾ ಫೋನು ಮಾಡಿದಳು. ಅವಳೂ ಕಂಪ್ಯೂಟರ್ ಓದುವವಳು, ಇಂಟರ್ನೆಟ್ಟಿನಲ್ಲಿ ಅಪ್ಪ ಸ್ಕ್ರಿಪ್ಟು ಇಟ್ಟ ಪುಟವನ್ನು ಆಗಾಗ ನೋಡುತ್ತಿರುತ್ತಾಳೆ. ಅಪ್ಪನನ್ನು ಅವಳು ಕರೆಯುವುದು ತೆಲುಗಿನಲ್ಲಿ ‘ನಾನ್ನ’ ಎಂದೇ. ನಕ್ಕೂ ನಕ್ಕೂ ಅವಳಿಗೆ ಮಾತೇ ಹೊರಡುತ್ತಿಲ್ಲ.

“ಅಮ್ಮಾ, ನಾನ್ನ ಏನ್ ಮಾಡಿದಾರೆ ಗೊತ್ತಾ? ಊರಿಗೆಲ್ಲಾ ಕಾಣೋ ಹಾಗೆ ನಿನ್ನ ಹೆಸರು ಬರ್ದಿಟ್ಟಿದಾರೆ!”

ಆದದ್ದು ಇಷ್ಟು. ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನ ಲ್ಯಾಬ್ ನೋಡಿಕೊಳ್ಳುವ ಅಭಿಷೇಕ್ ಎಂಬವರು ಇವರ ಸ್ಕ್ರಿಪ್ಟನ್ನು ತಮ್ಮ ಕಾಲೇಜಿನಲ್ಲಿ ಬಳಸುತ್ತಿದ್ದರು. ಅವರ ಇಪ್ಪತ್ತನಾಲ್ಕು ಪೆಟ್ಟಿಗೆಗಳಲ್ಲಿ ಎಲ್ಲವೂ ಸರಿ, ಹದಿನೇಳನೆಯದನ್ನು ಮಾತ್ರ ಸ್ಕ್ರಿಪ್ಟು ಹಾರಿಸಿಕೊಂಡು ಹೋಗುತ್ತಿತ್ತು. ಪಾಪ, ಎರಡು ದಿನ ಕೇಬಲ್ ಬದಲಾಯಿಸಿ, ಪೆಟ್ಟಿಗೆಯನ್ನೇ ಬದಲಾಯಿಸಿ ನೋಡಿದರಂತೆ. ಕೊನೆಗೆ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿದಾಗ ಕಳ್ಳ ಸಿಕ್ಕಿಬಿದ್ದ. ‘ನಂಬರು ಹದಿನೇಳಾದರೆ ಬಿಟ್ಟು ಮುಂದೆ ಹೋಗು’ ಎಂದು ಒಂದು ಸಾಲು. ಹೆಸರು, ವಿಳಾಸ ಎಲ್ಲ ಆರಿಸಿ ತೆಗೆದ ನನ್ನ ಜಾಣ ಗಂಡ, ಬಜ್ಜಿಯ ಸಂಜೆಯ ನಂತರ ತಾವೇ ಸೇರಿಸಿದ ಈ ಸಾಲು ಊರಿಗೆಲ್ಲ ಕಾಣುತ್ತದೆ ಎಂಬುದನ್ನು ಮರೆತಿದ್ದರು. ಅದರ ಪಕ್ಕದಲ್ಲಿ ತಮ್ಮ ನೆನಪಿಗೆಂದು ಒಂದು ಟಿಪ್ಪಣಿ. ತೆಲುಗಿನ ಸಹೋದ್ಯೋಗಿಗಳಿಗೆ ತಿಳಿಯದಿರಲಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು.

“ಓದ್ತೀನಿ ಕೇಳು” ಎಂದಳು ಅಕ್ಷಯಾ. “‘ಹದಿನೇಳು ಮುಟ್ಟಬೇಡ. ಅಲ್ಲಿಗೆ ನಾನೇ ಹೋಗಬೇಕು. ಅಲ್ಲಿ ಗಿರಿಜಾ ಇದ್ದಾಳೆ.’”

ಇನ್ನೊಮ್ಮೆ ಓದು ಎಂದೆ. ಓದಿದಳು.

“ಅದರ ಕೆಳಗೆ ಆ ಅಭಿಷೇಕ್ ಬರ್ದಿದ್ದು ಕೇಳಮ್ಮಾ. ‘ಸರ್, ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಹದಿನೇಳರ ಹತ್ತಿರ ಗಿರಿಜಾ ಎನ್ನುವವರು ಯಾರೂ ಇಲ್ಲ. ಆದ್ದರಿಂದ ಆ ಸಾಲನ್ನು ತೆಗೆದು ಕಳಿಸಿದ್ದೇನೆ, ದಯವಿಟ್ಟು ಒಪ್ಪಿಕೊಳ್ಳಿ.’”

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಅಪ್ಪನಿಗೆ ಹೇಳಬೇಡ ಎಂದು ಮಗಳಿಂದ ಆಣೆ ಮಾಡಿಸಿಕೊಂಡು, ಫೋನಿಟ್ಟು, ಗೋಡೆಯ ಮೇಲಿದ್ದ ಬ್ಯಾಂಕಿನ ಕ್ಯಾಲೆಂಡರನ್ನೂ ಅದರ ಹಿಂದೆ ನೇತುಹಾಕಿದ್ದ ಹಳೆಯ ವರ್ಷದವನ್ನೂ ಇಳಿಸಿದೆ. ಇವರು ಬಂದ ದಿನಗಳಿಗೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕುವುದು ನನ್ನ ಅಭ್ಯಾಸ. ಒಂದು ಗುರುತೂ ತಪ್ಪದೆ ಎಲ್ಲ ಎರಡನೇ ಶನಿವಾರ, ನಾಲ್ಕನೇ ಶನಿವಾರ. ನಮ್ಮ ಬ್ಯಾಂಕಿಗೆ ರಜೆ ಇರುವ ಶನಿವಾರಗಳು! ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ, ಬ್ಯಾಂಕಿನ ರಜೆ ನೋಡಿಕೊಂಡು ಕೆಡುವ ಪೆಟ್ಟಿಗೆ ಲೋಕದಲ್ಲಿ ಇರುವುದಿಲ್ಲ ಎಂಬುದು ಹೊಳೆಯಲೇ ಇಲ್ಲವಲ್ಲ!

ಈಗ ಇವರೇನು ಮಾಡುತ್ತಾರೆ ಎಂದು ಕಾದೆ. ಆ ಸಾಲು ಇಟ್ಟುಕೊಂಡರೆ ಕಲಬುರಗಿಯವರಿಗೆ ತೊಂದರೆ, ತೆಗೆದರೆ ನಮ್ಮ ಎರಡನೇ ಶನಿವಾರಕ್ಕೆ ಕುತ್ತು. ನನ್ನ ಗಂಡ ಎಷ್ಟೇ ಸಂಕೋಚದ ಮನುಷ್ಯನಾದರೂ ಕೆಲಸದಲ್ಲಿ ಕಳ್ಳನಲ್ಲ. ಮೂರನೇ ದಿನ ಅಭಿಷೇಕರ ತಿದ್ದುಪಡಿಯನ್ನು ಒಪ್ಪಿಕೊಂಡು, ವಂದನೆ ಬರೆದು, ತಮ್ಮ ಹದಿನೇಳನೇ ಪೆಟ್ಟಿಗೆಯ ಮೇಲೂ ಓಡಿಸಿದರು. ರಾತ್ರಿ ಊಟದ ಹೊತ್ತಿಗೆ ನನಗೆ ಫೋನು ಬಂತು.

“ಹದಿನೇಳೂ ಇಲ್ಲಿಂದಲೇ ಆಯ್ತು, ಗಿರಿಜಾ. ಏನೂ ತೊಂದರೆ ಇಲ್ಲ.”

“ಚಲೋ ಆತು.”

“ಇನ್ನು... ಅಲ್ಲಿಗೆ ಬರೋ ಪನಿ ಏನೂ ಇಲ್ಲ ಕದಾ.”

ಒಂದು ಮಾತು ಸಾಕಿತ್ತು. ‘ಆದರೂ ಬರ್ರಿ’ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನನಗೂ ಹಟ. ಮೂರು ವರ್ಷ ಪೆಟ್ಟಿಗೆಯ ಹೆಸರು ಹೇಳಿಕೊಂಡು ಬಂದವರು ಒಂದು ಸಲ ನನ್ನ ಹೆಸರು ಹೇಳಿಕೊಂಡು ಬರಲಿ. ಕಲಬುರಗಿಯವರಿಗೆ ಗೊತ್ತಾದದ್ದು ಭವಾನಿಪುರಂನವರಿಗೆ ಗೊತ್ತಾದರೆ ಏನು ಗಂಟು ಹೋಗುತ್ತದೆ ಇವರದು? ಅವರು ಸ್ವಲ್ಪ ಹೊತ್ತು ಲೈನಿನಲ್ಲೇ ಇದ್ದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಎರಡನೇ ಶನಿವಾರ ಬಂತು. ಒಂದು ಪಾವು ಅಕ್ಕಿ ಹೆಚ್ಚಿಗೆ ಇಟ್ಟೆ. ಯಾರೂ ಬರಲಿಲ್ಲ. ನಾಲ್ಕನೇ ಶನಿವಾರ ಹೆಚ್ಚಿಗೆ ಇಡಲಿಲ್ಲ, ಆದರೆ ಒಂದೂವರೆವರೆಗೆ ಊಟಕ್ಕೂ ಕೂರಲಿಲ್ಲ. ಸಂಜೆ ಒಬ್ಬಳೇ ಬೀಚಿನ ಕಡೆ ಹೊರಟವಳು ದಾರಿಯಲ್ಲಿ ಆ ಲ್ಯಾಬಿನೊಳಗೆ ಹೋದೆ. ಗೋಡೆಯ ಮೇಲೆ ಹದಿನೇಳನೇ ಪೆಟ್ಟಿಗೆ ಹಸಿರು ದೀಪ ಮಿಣುಕಿಸುತ್ತಾ ಆರೋಗ್ಯವಾಗಿ ಕೂತಿತ್ತು. ಕಿತ್ತು ಸಮುದ್ರಕ್ಕೆ ಎಸೆಯುವಷ್ಟು ಸಿಟ್ಟು ಬಂತು.

“ಇದು ಈಗ ಕೆಡೋದಿಲ್ವಾ?” ಎಂದು ಕೌಂಟರಿನಲ್ಲಿದ್ದ ಹಾರಿಕಾ ಎಂಬ ಹುಡುಗಿಯನ್ನು ತೆಲುಗಿನಲ್ಲಿ ಕೇಳಿದೆ.

ಅವಳು ಕಣ್ಣರಳಿಸಿದಳು. “ಇದು ಯಾವತ್ತು ಕೆಟ್ಟಿತ್ತು ಮೇಡಂ? ಸರ್ ಬಂದು ಏನೋ ಎರಡು ಮಾತು ಟೈಪ್ ಮಾಡಿ, ಧೂಳು ಒರೆಸಿ, ವಾಚು ನೋಡ್ಕೊಂಡು ಓಡ್ತಿದ್ರು.”

ಹೊರಗೆ ಬಂದು ಮುರಿ ಮಿಕ್ಸ್ಚರ್ ತೆಗೆದುಕೊಂಡೆ. ಅಭ್ಯಾಸಬಲದಿಂದ ಎರಡು ಪೊಟ್ಟಣ. ಎರಡನೆಯದನ್ನು ತಿನ್ನಲಾಗದೆ ಮನೆಗೆ ತಂದೆ, ಮೆತ್ತಗಾಯಿತು, ಮರುದಿನ ಎಸೆದೆ.

ಮುಂದಿನ ತಿಂಗಳ ಎರಡನೇ ಶನಿವಾರ ಒಂದೂಕಾಲಿಗೆ ಬಾಗಿಲ ಗಂಟೆ ಬಾರಿಸಿತು. ತೆರೆದರೆ ಇವರು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲವಿಲ್ಲ. ಚೀಲವಿಲ್ಲದೆ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು. ಒಂದು ಕೈಯಲ್ಲಿ ಆವಕಾಯಿ ಉಪ್ಪಿನಕಾಯಿಯ ಡಬ್ಬಿ, ಇನ್ನೊಂದರಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಪ್ರಸಾದದ ಪೊಟ್ಟಣ.

“ಯಾವ ಪೆಟ್ಟಿಗೆ ಕೆಟ್ಟಿತ್ರಿ?” ಎಂದೆ.

“ಯಾವುದೂ ಇಲ್ಲ.”

“ಮತ್ತೆ ಏನು ಕೆಲಸ?”

“ಏನೂ ಇಲ್ಲ.” ಚಪ್ಪಲಿಯನ್ನೇ ನೋಡುತ್ತಾ ಹೇಳಿದರು. “ನಿನ್ನ ನೋಡೋಣ ಅಂತ ಬಂದೆ.”

“ಅತ್ತೆಯವರಿಗೆ ಏನಂತ ಹೇಳಿ ಬಂದ್ರಿ?”

“ಅದೇ ಹೇಳಿದೆ. ಅಮ್ಮ ಏಂ ಪನಿ ಅಂದ್ರು. ಪನಿ ಏಮೀ ಲೇದು, ಕೆಲಸ ಏನೂ ಇಲ್ಲ, ಗಿರಿಜಾನ ನೋಡಿ ಬರ್ತೀನಿ ಅಂದೆ.” ಕಿವಿ ಕೆಂಪಾಗಿತ್ತು. “ಅಮ್ಮ ‘ಇಷ್ಟು ಹೇಳಕ್ಕೆ ನಿನಗೆ ಮೂರು ವರ್ಷ ಬೇಕಾಯ್ತೇನೋ’ ಅಂತ ಬೈದು, ಎದ್ದು ಹೋಗಿ ಉಪ್ಪಿನಕಾಯಿ ತುಂಬಿ ಕೊಟ್ರು. ನಿನ್ನೆ ಗುಡಿಯಿಂದ ತಂದ ಪ್ರಸಾದನೂ ಇಟ್ರು.”

ಒಳಗೆ ಕರೆದು ನೀರು ಕೊಟ್ಟೆ. ಅಕ್ಷಯಾ ಆಣೆ ಮುರಿದಿರಲಿಲ್ಲ, ಆದರೂ ನನಗೆ ತಡೆಯಲಾಗಲಿಲ್ಲ. ಆ ಟಿಪ್ಪಣಿ ಓದಿದ್ದೇನೆ ಎಂದು ಹೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟರು.

“ಓದಿದ್ಯಾ? ಮತ್ತೆ ಅವತ್ತು ಫೋನಲ್ಲಿ ಯಾಕೆ ಒಂದು ಮಾತೂ ಹೇಳಲಿಲ್ಲ ಗಿರಿಜಾ? ನೀನು ಬಾ ಅಂತೀಯೇನೋ ಅಂತ ಲೈನಲ್ಲೇ ಕಾದೆ. ಆಮೇಲೆ ಎರಡು ಶನಿವಾರ ಫೋನ್ ಮುಂದಿಟ್ಕೊಂಡು ಕೂತೆ. ನಿನಗೆ ನಾನು ಬರೋದು ಬೇಕಿಲ್ಲವೇನೋ ಅಂದ್ಕೊಂಡೆ. ಬಂದಾಗೆಲ್ಲ ಪೆಟ್ಟಿಗೆ ವಿಷಯನೇ ಕೇಳ್ತಿದ್ದೆ ನೀನು.”

ಮೂರು ವರ್ಷದ ಲೆಕ್ಕದಲ್ಲಿ ತಪ್ಪು ಅವರದೊಂದೇ ಎಂದು ನಾನು ತಿಳಿದಿದ್ದೆ. ನಾನೊಮ್ಮೆಯೂ ಬಾಯಿಬಿಟ್ಟು ಬನ್ನಿ ಎಂದಿರಲಿಲ್ಲ. ಬಂದ ಮೇಲೆ ‘ಬಂದದ್ದು ಒಳ್ಳೆಯದಾಯಿತು’ ಎಂದೂ ಹೇಳಿರಲಿಲ್ಲ. ಯಂತ್ರವೇ ಒಂದು ಮಾತು ಬರದಿದ್ದರೆ ಹತ್ತು ನಿಮಿಷಕ್ಕೆ ಹಿಂದಕ್ಕೆ ಸರಿಯುತ್ತದೆ. ಈ ಮನುಷ್ಯ ಐದು ವಾರ ಕಾದು, ಸರಿಯುವ ಬದಲು ರೈಲು ಹತ್ತಿ ಬಂದಿದ್ದರು.

ಅವತ್ತು ಸಂಜೆ ಬೀಚಿನಲ್ಲಿ ಮುರಿ ಮಿಕ್ಸ್ಚರ್ ಚೆನ್ನಾಗಿದೆ ಎಂದೆ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು.

ಭಾನುವಾರ ಮಧ್ಯಾಹ್ನ ಸ್ಟೇಷನ್ನಿಗೆ ನಾನೂ ಹೋದೆ. ಮೂರು ವರ್ಷದಲ್ಲಿ ಅದೇ ಮೊದಲು. ಅವರು ಸೀಟು ಹುಡುಕಿ ಕಿಟಕಿಯ ಬಳಿ ಕೂತರು, ನಾನು ಪ್ಲಾಟ್‌ಫಾರಮ್ಮಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತೆ. ಸಾಲ ಕೇಳಲು ಬಂದ ದೊಡ್ಡ ದೊಡ್ಡ ಗಿರಾಕಿಗಳಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎಂದಿರುವ ಈ ಬಾಯಿಗೆ ಆ ಮೂರು ಪದ ಹೊರಡಲು ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

“ಬರೋ ಶನಿವಾರನೂ ಬರ್ರಿ.”

“ಬರೋದು ಮೂರನೇ ಶನಿವಾರ. ನಿನಗೆ ಬ್ಯಾಂಕ್ ಇದೆ ಕದಾ.”

“ಇರಲಿ. ಸಂಜೆಗೆ ಮನೀಗೆ ಬರ್ತೀನಲ್ಲ. ಕೀಲಿ ಪಕ್ಕದ ಮನ್ಯಾಗ ಕೊಟ್ಟಿರ್ತೀನಿ. ಬರ್ರಿ. ನಿಮ್ಮನ್ನ ನೋಡಬೇಕು, ಮತ್ತೇನೂ ಕೆಲಸ ಇಲ್ಲ.”

ಅವರು ಜೇಬಿನಿಂದ ಫೋನು ತೆಗೆದು, ಏನೋ ಒತ್ತಿ, ಕಿಟಕಿಯಿಂದ ಹೊರಗೆ ನನ್ನ ಕಡೆ ಹಿಡಿದರು. ರತ್ನಾಚಲ್ ರೈಲಿನ ಟಿಕೆಟ್ಟು. ತಾರೀಖು ಬರುವ ಶನಿವಾರದ್ದು. ಕಾದಿರಿಸಿದ ಹೊತ್ತೂ ಅದರಲ್ಲೇ ಇತ್ತು: ಹಿಂದಿನ ದಿನ ಬೆಳಿಗ್ಗೆ, ನನ್ನ ಮನೆಗೆ ಬರುವ ದಾರಿಯಲ್ಲೇ.